ಮೀನಿನ ತೊಟ್ಟಿಗೆ ಎಲ್‌ಇಡಿ ದೀಪ: ಜೂನ್‌ನಿಂದ ಫೆಬ್ರುವರಿವರೆಗಿನ ದಾಖಲೆ

ಚಿಕ್ಕಮಗಳೂರಿನ ನಮ್ಮ ಮನೆಯ ನಡುಮನೆಯಲ್ಲಿ ಮೂರು ಅಡಿ ಉದ್ದದ ಮೀನಿನ ತೊಟ್ಟಿಯಿದೆ. ಅದಕ್ಕೆ ಕೈಯಾರೆ ಎಲ್‌ಇಡಿ ದೀಪ ಮಾಡಿಕೊಳ್ಳಲು ಹೊರಟು ಎಂಟು ತಿಂಗಳಾಯಿತು. ಎರಡು ಭಾನುವಾರಗಳಲ್ಲಿ ಮುಗಿಸಬಹುದು ಎಂದುಕೊಂಡಿದ್ದ ಕೆಲಸ. ಮೂರು ಸಲ ಬಿಚ್ಚಿ ಕಟ್ಟಬೇಕಾಯಿತು, ಒಮ್ಮೆ ನನಗೆ ಕರೆಂಟ್ ಹೊಡೆಯಿತು, ಕೆಲವು ಮೀನುಗಳನ್ನು ಕಳೆದುಕೊಂಡೆ. ದಿನಚರಿಯಲ್ಲಿ ಗುರುತು ಹಾಕಿಕೊಂಡಿದ್ದನ್ನೆಲ್ಲ ಇಲ್ಲಿ ಇಳಿಸಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕುವವರು ಬೇರೆಯದನ್ನು ಬಿಟ್ಟರೂ ಆಗಸ್ಟ್ 8ರ ಭಾಗವನ್ನು ಬಿಡದೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ತೊಟ್ಟಿಯ ಅಳತೆ 36 ಇಂಚು ಉದ್ದ, 15 ಇಂಚು ಅಗಲ, 18 ಇಂಚು ಎತ್ತರ. ಎರಡೂವರೆ ಇಂಚು ಮರಳು, ಅದರ ಮೇಲೆ ಹದಿಮೂರೂವರೆ ಇಂಚು ನೀರು. ಲೆಕ್ಕ ಹಾಕಿದರೆ ಸುಮಾರು 120 ಲೀಟರ್. ಗಿಡಗಳಲ್ಲಿ ವ್ಯಾಲಿಸ್ನೇರಿಯಾ, ಅಮೆಜಾನ್ ಸ್ವೋರ್ಡ್, ಕಲ್ಲಿಗೆ ಕಟ್ಟಿದ ಜಾವಾ ಮಾಸ್ ಇವೆ. ಕೆಲಸ ಶುರುವಾದಾಗ 14 ನಿಯಾನ್ ಟೆಟ್ರಾ, ಹತ್ತಾರು ಗಪ್ಪಿ, ಎರಡು ಕೋರಿಡೋರಸ್ ಮೀನುಗಳು, ಒಂದಷ್ಟು ಬಸವನಹುಳುಗಳಿದ್ದವು.

ಜೂನ್ 9, 2024

ಪ್ಲೈವುಡ್ ಮುಚ್ಚಳದ ಒಳಗೆ ಎರಡು ಅಡಿಯ 18 ವ್ಯಾಟ್ ಟ್ಯೂಬ್‌ಲೈಟ್ ಎರಡಿದ್ದವು, ತಾಮ್ರದ ಚೋಕ್ ಸಮೇತ. ಒಂದರ ಎರಡೂ ತುದಿ ಕಪ್ಪಾಗಿ, ಇವತ್ತು ಹತ್ತಲೇ ಇಲ್ಲ. ಇನ್ನೊಂದು ಹತ್ತಿದರೂ ಬೆಳಕು ಮಂಕು. ಕಳೆದ ಆರು ತಿಂಗಳಿಂದ ಸ್ವೋರ್ಡ್ ಗಿಡದ ಹೊಸ ಎಲೆಗಳು ಸಣ್ಣದಾಗುತ್ತಿದ್ದವು. ಗೊಬ್ಬರ ಸಾಲದೆಂದು ನಾನು ಬೇರಿಗೆ ಗುಳಿಗೆ ಹಾಕುತ್ತಲೇ ಇದ್ದೆ. ಕೊರತೆ ಬೆಳಕಿನದಾಗಿತ್ತು.

ಎರಡೂ ಟ್ಯೂಬ್ ಚೆನ್ನಾಗಿದ್ದಾಗ, ಪ್ಲಗ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್ 54 ವ್ಯಾಟ್ ತೋರಿಸಿದ್ದನ್ನು ಬರೆದಿಟ್ಟಿದ್ದೆ. ದಿನಕ್ಕೆ 10 ಗಂಟೆಯಂತೆ ತಿಂಗಳಿಗೆ 16 ಯೂನಿಟ್. ಮೂರು ಅಡಿಯ ಸಿದ್ಧ ಎಲ್‌ಇಡಿ ದೀಪಕ್ಕೆ ಪೇಟೆಯಲ್ಲಿ 4,200 ರೂಪಾಯಿ ಹೇಳಿದರು. ಅಷ್ಟು ಕೊಡುವ ಬದಲು ನಾನೇ ಮಾಡುತ್ತೇನೆ ಎಂದು ತೀರ್ಮಾನಿಸಿದೆ.

ಜೂನ್ 23: ಮೊದಲ ಪ್ರಯತ್ನ, 12 ವೋಲ್ಟ್ ಪಟ್ಟಿ

ಮನೆಯ ಛಾವಣಿ ಅಲಂಕಾರಕ್ಕೆ ಹಾಕುತ್ತಾರಲ್ಲ, ಆ ಅಂಟು ಬೆನ್ನಿನ ಎಲ್‌ಇಡಿ ಪಟ್ಟಿ. ಮೀಟರಿಗೆ 60 ಎಲ್‌ಇಡಿ ಇರುವ ಬಿಳಿ ಬಣ್ಣದ 5 ಮೀಟರ್ ಸುರುಳಿಗೆ 480 ರೂಪಾಯಿ, 12 ವೋಲ್ಟ್ 5 ಆಂಪಿಯರ್ ಅಡಾಪ್ಟರ್‌ಗೆ 420. ಪ್ರತಿ 5 ಸೆಂಟಿಮೀಟರಿಗೊಂದು ಕತ್ತರಿ ಗುರುತಿರುತ್ತದೆ. 85 ಸೆಂ.ಮೀ.ಯ ಮೂರು ತುಂಡು ಮಾಡಿ ಮುಚ್ಚಳದ ಒಳಮೈಗೆ ಅಂಟಿಸಿದೆ. ಮೀಟರಿನಲ್ಲಿ ಒಟ್ಟು 2.1 ಆಂಪಿಯರ್, ಅಂದರೆ ಸುಮಾರು 25 ವ್ಯಾಟ್. ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ತೊಟ್ಟಿ ಬೆಳಗಿತು. ಆ ರಾತ್ರಿ ಬಹಳ ಸಂತೋಷದಿಂದ ಮಲಗಿದೆ.

ನೀರು ತಾಗದ ಪಟ್ಟಿ ಬೇಕೆಂದು ಅಂಗಡಿಯಲ್ಲಿ ನಾನು ಕೇಳಲಿಲ್ಲ. ಪಟ್ಟಿ ನೀರಿನಿಂದ ನಾಲ್ಕು ಇಂಚು ಮೇಲಿರುತ್ತದೆ, ನೀರು ಎಲ್ಲಿ ತಾಗುತ್ತದೆ ಎಂದುಕೊಂಡಿದ್ದೆ.

ಜುಲೈ 16

ಈ ಊರಿನಲ್ಲಿ ಜುಲೈ ಅಂದರೆ ಹೊರಗೆ ಹಾಕಿದ ಬಟ್ಟೆ ವಾರವಾದರೂ ಒಣಗದ ತಿಂಗಳು. ಮುಚ್ಚಿದ ತೊಟ್ಟಿಯೊಳಗಿನ ಮಾತು ಕೇಳುವುದೇ ಬೇಡ. ಬೆಳಿಗ್ಗೆ ಅಪ್ಪ ಕರೆದರು. ಆಲ್ದೂರಿನ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿ, ಅಂದರೆ ಆಳುಗಳ ಕೆಲಸ ನೋಡಿಕೊಳ್ಳುತ್ತ ದುಡಿದು ನಿವೃತ್ತರಾದವರು ಅವರು. ಈಗ ತೊಟ್ಟಿಯ ಎದುರಿನ ಕುರ್ಚಿಯೇ ಅವರ ಜಾಗ. "ಇಲ್ಲಿ ನೋಡು, ಹಗ್ಗದಂತೆ ಏನೋ ನೀರಿನಲ್ಲಿ ಇಳಿದಿದೆ" ಎಂದರು.

ಅಂಟು ಬಿಟ್ಟು ಒಂದು ಪಟ್ಟಿಯ ತುದಿ ನೀರಿಗೆ ಇಳಿದಿತ್ತು. ಕತ್ತರಿಸಿದ ತುದಿಯಲ್ಲಿ ಎರಡು ತಾಮ್ರದ ಚುಕ್ಕಿಗಳಿರುತ್ತವೆ. ಒಂದರಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಇನ್ನೊಂದು, ಧನ ತುದಿಯದು, ತಿಂದುಹೋಗಿ ಅಂಚಿನಲ್ಲಿ ಹಸಿರು ಹಿಟ್ಟು ಕೂತಿತ್ತು. ತಾಮ್ರ ನೀರಿಗೆ ಬಿಡುತ್ತಿದೆ ಎಂದು ಅದನ್ನು ನೋಡಿದ ಕೂಡಲೇ ತಿಳಿಯಿತು. ತಾಮ್ರ ಬಸವನಹುಳುವಿಗೆ ವಿಷ. ಪ್ಲಗ್ ಕಿತ್ತು, ಹಿಂದಿನ ದಿನ ಹಿಡಿದಿಟ್ಟಿದ್ದ ನೀರಿನಿಂದ ಅರ್ಧ ತೊಟ್ಟಿ ಬದಲಾಯಿಸಿದೆ. ಮರುದಿನ ಮತ್ತೆ ಕಾಲು ಭಾಗ. ಮೀನುಗಳು ಉಳಿದವು. ಬಸವನಹುಳುಗಳಲ್ಲಿ ಎಂಟು ಸತ್ತವು.

ಉಳಿದ ಎರಡು ಪಟ್ಟಿಗಳನ್ನು ಬಿಚ್ಚಿ ನೋಡಿದರೆ ಅವುಗಳ ಬೆಸುಗೆಯೂ ಹಸಿರಾಗಿತ್ತು. ಒಂದರಲ್ಲಿ ಮೂರು ಎಲ್‌ಇಡಿಗಳ ಗುಂಪು ಆಗಲೇ ಸತ್ತಿತ್ತು. 23 ದಿನಗಳ ಬಾಳಿಕೆ. ತೊಟ್ಟಿಯ ಮೇಲಿನ ದೀಪಕ್ಕೆ ನೀರಿಗಿಂತ ಹಬೆಯೇ ದೊಡ್ಡ ಶತ್ರು. ನೀರು ತಾಗುವುದೇ ಬೇಕಿಲ್ಲ.

ಜುಲೈ 28: ಎರಡನೇ ಪ್ರಯತ್ನ, ಬೆಸುಗೆಯಲ್ಲೇ ನಿಂತಿತು

ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಿಂದ 1 ವ್ಯಾಟ್ ಎಲ್‌ಇಡಿಗಳನ್ನು ತಂದಿದ್ದೆ. ನಕ್ಷತ್ರದಾಕಾರದ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂರಿಸಿದಂಥವು. 6500 ಕೆಲ್ವಿನ್ ಬಿಳಿ 20, 3000 ಕೆಲ್ವಿನ್ ಹಳದಿ ಛಾಯೆಯವು 5, ಇವು ತಲಾ 14 ರೂಪಾಯಿ. 660 ನ್ಯಾನೋಮೀಟರ್ ಕೆಂಪು 4, ತಲಾ 30. ಬರೀ ಬಿಳಿ ಬೆಳಕಿನಲ್ಲಿ ಟೆಟ್ರಾಗಳ ಕೆಂಪು ಸಪ್ಪೆಯಾಗಿ ಕಂಡಿತ್ತು, ಅದಕ್ಕಾಗಿ ಕೆಂಪು. ಜೊತೆಗೆ ಗೋಡೆಯ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಇಳಿಸಿಕೊಡುವ 300 ಮಿಲಿಆಂಪಿಯರ್‌ನ ಎರಡು ಡ್ರೈವರ್, ಒಂದೊಂದೂ 8ರಿಂದ 12 ಎಲ್‌ಇಡಿಗೆ ಸಾಲುವಂಥದ್ದು, ತಲಾ 90 ರೂಪಾಯಿ.

ಯೋಜನೆ ಹೀಗಿತ್ತು: ಎರಡು ಸಾಲು, ಸಾಲಿಗೆ 12 ಎಲ್‌ಇಡಿ, ಎಲ್ಲ ಒಂದರ ಹಿಂದೊಂದು ಸರಣಿಯಲ್ಲಿ. ಸಾಲಿಗೆ ಬಿಳಿ 8, ಹಳದಿ 2, ಕೆಂಪು 2.

ಒಂದು ಇಂಚು ಅಗಲ, ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿಗೆ ಶಾಖ ದಾಟಿಸುವ ಎರಡು ಮುಖದ ಟೇಪಿನಿಂದ ಎಲ್ಲ ಬಿಲ್ಲೆಗಳನ್ನು ಮೊದಲೇ ಅಂಟಿಸಿದೆ. ಆಮೇಲೆ ಬೆಸುಗೆಗೆ ಕೂತೆ. ನನ್ನ ಬಳಿ ಇದ್ದದ್ದು ರೇಡಿಯೋ ರಿಪೇರಿಗೆ ಇಟ್ಟುಕೊಂಡಿದ್ದ 25 ವ್ಯಾಟ್ ಸೋಲ್ಡರಿಂಗ್ ಐರನ್. ಸೀಸ ಕರಗಿ ಗುಂಡಾಗಿ ಉರುಳುತ್ತದೆ, ಹಿಡಿಯುವುದಿಲ್ಲ. ಬಿಲ್ಲೆ ಶಾಖವನ್ನು ಹೀರಿ ಪಟ್ಟಿಗೆ ಕೊಡುತ್ತದೆ, ಪಟ್ಟಿ ಗಾಳಿಗೆ ಬಿಡುತ್ತದೆ. ಐರನ್‌ನ ತುದಿಗೆ ಬಿಸಿ ನಿಲ್ಲುವುದೇ ಇಲ್ಲ. ಹಟ ಹಿಡಿದು ಒತ್ತಿ ಹಿಡಿದದ್ದಕ್ಕೆ ಮೂರು ಎಲ್‌ಇಡಿಗಳ ಮೇಲಿನ ಗುಮ್ಮಟ ಬಾಗಿ ಕೆಟ್ಟವು. ಹಿಡಿದಂತೆ ಕಂಡ ಬೆಸುಗೆಗಳನ್ನು ಉಗುರಿನಿಂದ ಎಬ್ಬಿಸಿದರೆ ಸಿಪ್ಪೆಯಂತೆ ಎದ್ದು ಬಂದವು. ನಾಲ್ಕು ಗಂಟೆ ಕೂತು ಐದು ಬೆಸುಗೆ. ಅಲ್ಲಿಗೆ ನಿಲ್ಲಿಸಿದೆ.

ಆಗಸ್ಟ್ 4: ಮೂಡಿಗೆರೆಯಲ್ಲಿ ಭಾವನ ಅಂಗಡಿ

ಅಕ್ಕನ ಗಂಡ ಮೂಡಿಗೆರೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತಾರೆ. ತೋಟಗಳ ಪಂಪ್‌ಸೆಟ್ ಸುಟ್ಟರೆ ಅವರ ಹತ್ತಿರ ಬರುತ್ತದೆ. ನನ್ನ ಪಟ್ಟಿ ನೋಡಿ, "ಮೊದಲು ಅಂಟಿಸಿ ಆಮೇಲೆ ಬೆಸುಗೆ ಹಾಕಲು ಹೊರಟೆಯಲ್ಲ, ಅಲ್ಲೇ ಕೆಟ್ಟಿತು. ಎಲ್ಲ ಕಿತ್ತು ತೆಗೆ" ಎಂದರು.

ಕ್ರಮ ಇದು. ಬಿಲ್ಲೆಗಳನ್ನು ಒಣ ಮರದ ಹಲಗೆಯ ಮೇಲಿಡಬೇಕು. ಮರ ಶಾಖ ಹೀರುವುದಿಲ್ಲ. ಬೆಸುಗೆ ಹಾಕುವ ಚುಕ್ಕಿಯನ್ನು ಉಪ್ಪುಕಾಗದದಿಂದ ಒಮ್ಮೆ ಉಜ್ಜಿ, ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಸವರಿ, 60 ವ್ಯಾಟ್ ಐರನ್‌ನಿಂದ ಮೊದಲು ಸೀಸದ ತೆಳುಪದರ ಕೊಡಬೇಕು. ತಂತಿಯ ತುದಿಗೂ ಹಾಗೆಯೇ. ಆಮೇಲೆ ಎರಡನ್ನೂ ಕೂಡಿಸಿ ಎರಡು ಸೆಕೆಂಡ್ ಮುಟ್ಟಿಸಿದರೆ ಸಾಕು. ಒಳ್ಳೆಯ ಬೆಸುಗೆ ತಂತಿಯ ಬುಡಕ್ಕೆ ಹರಿದು ಕೂರುತ್ತದೆ, ಹೊಳೆಯುತ್ತದೆ. ಮಂಕಾಗಿ ಉಂಡೆಯಾಗಿ ಕೂತರೆ ಅದು ಹಿಡಿದಿಲ್ಲ ಎಂದೇ ಅರ್ಥ. ನಲವತ್ತು ನಿಮಿಷದಲ್ಲಿ ಎರಡೂ ಸಾಲು ಮುಗಿದವು.

ಪ್ರತಿ ಎಲ್‌ಇಡಿಯನ್ನು ಜೋಡಿಸುವ ಮುಂಚೆ ಎರಡು ಪೆನ್ಸಿಲ್ ಸೆಲ್ಲುಗಳನ್ನು ಸರಣಿಯಲ್ಲಿ ಹಿಡಿದು ಮುಟ್ಟಿಸಿ ನೋಡಿದೆವು. ಮೂರು ವೋಲ್ಟಿಗೆ ಬಿಳಿಯದು ಮಂದವಾಗಿ ಬೆಳಗುತ್ತದೆ. ಧನ ಋಣ ತಿರುಗಿದ್ದರೂ ಅಲ್ಲೇ ಗೊತ್ತಾಗುತ್ತದೆ. ಕೆಂಪನ್ನು ಹೀಗೆ ನೋಡಬಾರದು. ಅದಕ್ಕೆ ಎರಡು ವೋಲ್ಟಿನ ಮೇಲೆ ಸ್ವಲ್ಪವಿದ್ದರೆ ಸಾಕು, ಮೂರು ಹೆಚ್ಚಾಯಿತು.

ಮನೆಗೆ ಬಂದ ಮೇಲೆ ನಾನು ಒಬ್ಬನೇ ಮಾಡಿದ ತಪ್ಪುಗಳು ಮೂರು. ಮತ್ತೆ ಅದೇ ತೆಳು ಪಟ್ಟಿಗೆ ಟೇಪಿನಿಂದಲೇ ಅಂಟಿಸಿದೆ. ಬೆಸುಗೆಗಳಿಗೆ ಹಬೆ ತಾಗದಿರಲೆಂದು ತೊಟ್ಟಿ ಕಟ್ಟಲು ಬಳಸುವ ಸಿಲಿಕೋನ್ ಮೆತ್ತಿದೆ. ದೀಪಕ್ಕೂ ನೀರಿಗೂ ನಡುವೆ 3 ಮಿ.ಮೀ. ಅಕ್ರಿಲಿಕ್ ಹಾಳೆ ಇಟ್ಟೆ, 450 ರೂಪಾಯಿ.

ಆಗಸ್ಟ್ 6

ಎರಡು ಎಲ್‌ಇಡಿಗಳ ಬೆಳಕು ನೀಲಿಗೆ ತಿರುಗಿ ಮಂಕಾಗಿದೆ. ತೊಟ್ಟಿಯ ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಪಟ್ಟಿಯ ಬೆನ್ನಿಗೆ ಟೇಪ್ ಹಾಕಿ ಅಂಟಿಸಿ ಎರಡು ಗಂಟೆ ಬಿಟ್ಟೆ: 69 ಡಿಗ್ರಿ. ಹೊರಗೆ ಮಳೆ, ಕೋಣೆಯಲ್ಲಿ 22. ಎಲ್‌ಇಡಿ ಬಿಸಿಯಾಗುವುದಿಲ್ಲ ಎಂಬ ಮಾತನ್ನು ನಂಬಿ ಕೆಟ್ಟೆ. ಅದು ಬೆಳಕಿನ ಜೊತೆ ಶಾಖವನ್ನು ಕೆಳಕ್ಕೆ ಎರಚುವುದಿಲ್ಲ ಅಷ್ಟೇ, ಬೆನ್ನಿನಲ್ಲಿ ಇಟ್ಟುಕೊಳ್ಳುತ್ತದೆ. ಆ ಬೆನ್ನಿನ ಶಾಖಕ್ಕೆ ದಾರಿ ಮಾಡಿಕೊಡದಿದ್ದರೆ ಸುಟ್ಟುಹೋಗುತ್ತದೆ.

ಆಗಸ್ಟ್ 8

ಸಂಜೆ ಆರೂವರೆ. ಬರಿಗಾಲಿನಲ್ಲಿ ನಿಂತಿದ್ದೆ, ಮಳೆಗಾಲದಲ್ಲಿ ನಮ್ಮ ಮನೆಯ ನೆಲ ಸದಾ ಬೆವರಿರುತ್ತದೆ. ಪಟ್ಟಿಯನ್ನು ಸರಿಸಲು ಬರಿಗೈಯಿಂದ ಹಿಡಿದೆ. ಮೊಣಕೈವರೆಗೆ ಕರೆಂಟ್ ಹೊಡೆದು ಕೈ ತಾನಾಗಿ ಕಿತ್ತುಕೊಂಡಿತು. ಟೆಸ್ಟರ್ ತಂದು ಪಟ್ಟಿಗೆ ಮುಟ್ಟಿಸಿದರೆ ಕೆಂಪಗೆ ಹತ್ತಿತು.

ಹಿಂದಿನ ಸಂಜೆ ನನ್ನ ಮಗ ಮೀನಿಗೆ ಆಹಾರ ಹಾಕಲು ಅದೇ ಪಟ್ಟಿಯ ಕೆಳಗೆ ಕೈ ತೂರಿಸಿದ್ದ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಇದನ್ನು ಬರೆಯುವಾಗಲೂ ಕೈ ತಣ್ಣಗಾಗುತ್ತದೆ.

ಫೋನಿನಲ್ಲಿ ಭಾವ ಹೇಳಿದಂತೆ ಪ್ಲಗ್ ತೆಗೆದು, ಅರ್ಧ ಗಂಟೆ ಬಿಟ್ಟು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪಟ್ಟಿಗೂ ಇನ್ನೊಂದನ್ನು ಒಂದೊಂದೇ ಬೆಸುಗೆಗೂ ಇಟ್ಟು ನೋಡುತ್ತ ಹೋದೆ. ಏಳನೇ ಎಲ್‌ಇಡಿಯಲ್ಲಿ ಕೀ ಎಂದಿತು. ಸೀಸದ ಒಂದು ಎಳೆ ಬಿಲ್ಲೆಯ ಅಂಚು ದಾಟಿ ಲೋಹಕ್ಕೆ ತಾಗಿತ್ತು, ಅಕ್ಕಿ ಕಾಳಿನ ಅರ್ಧದಷ್ಟು. ಆದರೆ ದೊಡ್ಡ ತಪ್ಪು ಅದಲ್ಲ. ಡ್ರೈವರಿನ ಮುಚ್ಚಳ ತೆಗೆದರೆ ಒಳಗೆ ಎರಡು ಕಾಲಿನ ಸುರುಳಿ ಮಾತ್ರ ಇತ್ತು, ಟ್ರಾನ್ಸ್‌ಫಾರ್ಮರ್ ಇರಲಿಲ್ಲ. ಅಂಥ ಡ್ರೈವರಿನಲ್ಲಿ ಎಲ್‌ಇಡಿಗೆ ಹೋಗುವ ತಂತಿಗೂ ಗೋಡೆಯ ಫೇಸ್‌ಗೂ ನೇರ ನಂಟಿರುತ್ತದೆ. ಬಲ್ಬಿನ ಪ್ಲಾಸ್ಟಿಕ್ ಗೂಡಿನೊಳಗೆ ಕೂತರೆ ಅದರಿಂದ ತೊಂದರೆಯಿಲ್ಲ. ನೀರಿನ ಮೇಲೆ, ಕೈಗೆ ಸಿಗುವ ಲೋಹಕ್ಕೆ ಅಂಟಿಸಿದ ಎಲ್‌ಇಡಿಗೆ ಅದನ್ನು ಎಂದಿಗೂ ಕೊಡಬಾರದು.

ಕೊಳ್ಳುವಾಗ ಐಸೊಲೇಟೆಡ್ ಡ್ರೈವರ್ ಎಂದೇ ಕೇಳಿ. ಬಿಚ್ಚಿ ನೋಡಿದರೆ ಹಳದಿ ಟೇಪ್ ಸುತ್ತಿದ ಟ್ರಾನ್ಸ್‌ಫಾರ್ಮರ್ ಕಾಣಬೇಕು. ಹಲಗೆಯ ಎರಡು ಬದಿಯ ನಡುವೆ ತಾಮ್ರವಿಲ್ಲದ ಅಗಲವಾದ ಗೆರೆ ಇರಬೇಕು. ಬೆಲೆ 210 ರೂಪಾಯಿ. 120 ರೂಪಾಯಿ ಉಳಿಸಲು ಹೋಗಿ ಮನೆಮಂದಿಯ ಜೀವಕ್ಕೆ ಅಪಾಯ ತಂದಿದ್ದೆ.

ಆಗಸ್ಟ್ 15: ಮೂರನೇ ಸಲ ಕಟ್ಟಿದ್ದು

ರಜೆಯ ದಿನ. ಭಾವ ಬೆಳಿಗ್ಗೆಯೇ ಬಂದರು. ಹಳೆಯದನ್ನೆಲ್ಲ ಬಿಚ್ಚಿದೆವು. ಸಿಲಿಕೋನ್ ಮೆತ್ತಿದ ಬೆಸುಗೆಗಳಿಂದ ಇನ್ನೂ ವಿನೆಗರ್ ವಾಸನೆ ಬರುತ್ತಿತ್ತು. ಕೆರೆದರೆ ಕೆಳಗೆ ತಾಮ್ರದ ತಂತಿ ಹಸಿರಾಗಿತ್ತು. ಗಾಜಿಗೆ ಒಳ್ಳೆಯದಾದ ಆ ಸಿಲಿಕೋನ್ ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಅಕ್ರಿಲಿಕ್ ಹಾಳೆಯೂ ಹನ್ನೊಂದೇ ದಿನಕ್ಕೆ ನಡುವೆ ಒಂದು ಸೆಂಟಿಮೀಟರ್ ಬಾಗಿತ್ತು: ಕೆಳಮೈ ತೇವ ಹೀರುತ್ತದೆ, ಮೇಲ್ಮೈ ಒಣಗಿರುತ್ತದೆ.

ಕಿಟಕಿ ಮಾಡುವವರ ಬಳಿ ಸ್ಲೈಡಿಂಗ್ ಕಿಟಕಿಯ ಅಲ್ಯೂಮಿನಿಯಂ ಚಾನೆಲ್‌ನ ಉಳಿಕೆ ತುಂಡುಗಳಿರುತ್ತವೆ, ತೂಕದ ಲೆಕ್ಕದಲ್ಲಿ ಕೊಡುತ್ತಾರೆ. 86 ಸೆಂ.ಮೀ.ಯ ಎರಡು ತುಂಡು, 1.3 ಕಿಲೋ, ಕಿಲೋಗೆ 320ರಂತೆ 416 ರೂಪಾಯಿ. ಅದರ ಏಣುಗಳೇ ಶಾಖ ಬಿಡುವ ರೆಕ್ಕೆಗಳಾಗುತ್ತವೆ. ತುದಿಯಿಂದ 4 ಸೆಂ.ಮೀ. ಬಿಟ್ಟು 7 ಸೆಂ.ಮೀ.ಗೊಂದರಂತೆ ಗುರುತು ಹಾಕಿದೆವು. ಬಿಲ್ಲೆಗೆರಡು ಸ್ಕ್ರೂ, ಒಟ್ಟು 48 ತೂತು. ಎರಡು ಡ್ರಿಲ್ ಬಿಟ್ ಮುರಿದವು. ಬಣ್ಣ ಬಳಿದ ಮೇಲ್ಮೈಯನ್ನು ಬಿಲ್ಲೆ ಕೂರುವ ಜಾಗದಲ್ಲಿ ಉಪ್ಪುಕಾಗದದಿಂದ ಉಜ್ಜಿ ತೆಗೆದು, ಥರ್ಮಲ್ ಪೇಸ್ಟನ್ನು ದೋಸೆಗೆ ಎಣ್ಣೆ ಸವರಿದಷ್ಟೇ ತೆಳ್ಳಗೆ ಸವರಿ, ನೈಲಾನ್ ವಾಷರ್ ಹಾಕಿ 3 ಮಿ.ಮೀ. ಸ್ಕ್ರೂ ಬಿಗಿದೆವು. ವಾಷರ್ ಇಲ್ಲದಿದ್ದರೆ ಸ್ಕ್ರೂವಿನ ತಲೆಯೇ ಬೆಸುಗೆಗೆ ತಾಗುತ್ತದೆ. ಕೆಂಪು ಎಲ್‌ಇಡಿ 4 ಮತ್ತು 9ನೇ ಜಾಗದಲ್ಲಿ, ಹಳದಿ 2 ಮತ್ತು 11ರಲ್ಲಿ. ನೀಲಿಗೆ ತಿರುಗಿದ್ದ ಎರಡನ್ನು ತೆಗೆದು ಹೊಸದು ಹಾಕಿದೆವು. ಒಟ್ಟು ಐದು ಎಲ್‌ಇಡಿ ನಷ್ಟ.

ಬೆಸುಗೆಗಳನ್ನು ಮುಚ್ಚಲು ಭಾವ ತಂದದ್ದು ಮೋಟಾರ್ ಸುರುಳಿಗೆ ಹಾಕುವ ವಾರ್ನಿಷ್. ಗಾಳಿಗೆ ಒಣಗುವ ಬಗೆಯದು. ಸಣ್ಣ ಬ್ರಷ್‌ನಿಂದ, ಎಲ್‌ಇಡಿಯ ಗುಮ್ಮಟಕ್ಕೆ ತಾಗದಂತೆ, ಎರಡು ಸಲ ಬಳಿದೆವು. ಮೋಟಾರಿನ ಸುರುಳಿಗಳನ್ನು ವರ್ಷಗಟ್ಟಲೆ ಕಾಯುವ ವಸ್ತು ಇದು. ನನಗೆ ಹೊಳೆದೇ ಇರಲಿಲ್ಲ. ಎರಡು ದಿನ ಒಣಗಲು ಬಿಟ್ಟೆ.

ಚಾನೆಲ್‌ಗಳೆರಡಕ್ಕೂ ಬೋಲ್ಟ್ ಹಾಕಿ ಅರ್ತ್ ತಂತಿ ಕೊಟ್ಟೆವು. ಮನೆಯ ಅರ್ತ್ ಸರಿಯಿದೆಯೇ ಎಂದು ಭಾವ ಫೇಸ್‌ಗೂ ಅರ್ತ್‌ಗೂ ನಡುವೆ 100 ವ್ಯಾಟ್ ಬಲ್ಬ್ ಹಿಡಿದು ನೋಡಿದರು, ಪೂರ್ತಿ ಬೆಳಗಿತು. ಪರಿಣತರಲ್ಲದವರು ಈ ಪರೀಕ್ಷೆಗೆ ಇಳಿಯಬಾರದು, ಎಲೆಕ್ಟ್ರಿಷಿಯನ್ನರನ್ನೇ ಕರೆಸಬೇಕು. ತೊಟ್ಟಿಯ ಸಾಕೆಟ್‌ಗೆ, ಕರೆಂಟ್ ಸೋರಿದರೆ ಕೂಡಲೇ ಕಡಿದುಬಿಡುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದೆ, 1,650 ರೂಪಾಯಿ. ಎಲ್ಲ ವಯರುಗಳೂ ಸಾಕೆಟ್‌ಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಿಟ್ಟಿದ್ದೇನೆ. ವಯರಿನಗುಂಟ ಹರಿದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ, ಸಾಕೆಟ್‌ಗೆ ಹೋಗುವುದಿಲ್ಲ. ಅಕ್ರಿಲಿಕ್ ಬದಲು ಅಂಚು ಉಜ್ಜಿಸಿದ 4 ಮಿ.ಮೀ. ಗಾಜು, ಎರಡು ತುಂಡು, 330 ರೂಪಾಯಿ.

ಆಗಸ್ಟ್ 18ರ ಅಳತೆ: ಸಾಲಿಗೆ 35.8 ವೋಲ್ಟ್, 290 ಮಿಲಿಆಂಪಿಯರ್. ಗೋಡೆಯಲ್ಲಿ ಎರಡೂ ಸೇರಿ 26 ವ್ಯಾಟ್. ನಾಲ್ಕು ಗಂಟೆ ಹತ್ತಿದ ಮೇಲೆ ಚಾನೆಲ್‌ನ ಬೆನ್ನು 44 ಡಿಗ್ರಿ. ಅಂಗೈ ಇಟ್ಟುಕೊಳ್ಳಬಹುದು.

ಸೆಪ್ಟೆಂಬರ್ 7, ಗಣೇಶನ ಹಬ್ಬ

ದೀಪ ಚೆನ್ನಾಗಿದೆ, ತೊಟ್ಟಿ ಕೆಟ್ಟಿದೆ. ಗಾಜಿನ ಮೇಲೆ ಹಸಿರು ಪುಡಿ, ಸ್ವೋರ್ಡ್‌ನ ಎಲೆ ಅಂಚಿಗೆ ನೂಲಿನಂಥ ಪಾಚಿ, ಜಾವಾ ಮಾಸ್ ಒಳಗೆ ಬಿಡಿಸಲಾಗದಂತೆ ಹೆಣೆದುಕೊಂಡ ಎಳೆಗಳು. ಹಬ್ಬಕ್ಕೆ ಬಂದವರೆಲ್ಲ ತೊಟ್ಟಿಯತ್ತ ನೋಡಿ ಸುಮ್ಮನಾದರು. ಹಳೆಯ ಟ್ಯೂಬ್‌ಗಳ ಲೆಕ್ಕದಲ್ಲೇ ದಿನಕ್ಕೆ 10 ಗಂಟೆ ಹತ್ತಿಸುತ್ತಿದ್ದೆ, ದೀಪ ಗಾಜಿನಿಂದ ಬರೀ ಮೂರು ಇಂಚು ಮೇಲಿತ್ತು. ವ್ಯಾಟ್ ಅರ್ಧವಾದ್ದರಿಂದ ಬೆಳಕೂ ಕಡಿಮೆ ಎಂದು ಭಾವಿಸಿದ್ದೆ. ಟ್ಯೂಬ್ ಸುತ್ತಲೂ ಚೆಲ್ಲಿ, ಅರ್ಧ ಬೆಳಕು ಪ್ಲೈವುಡ್‌ಗೇ ಹೋಗುತ್ತಿತ್ತು. ಎಲ್‌ಇಡಿಯ ಬೆಳಕೆಲ್ಲ ಕೆಳಮುಖವಾಗಿ ನೀರಿಗೇ ಬೀಳುತ್ತದೆ.

ಬ್ರಷ್ಷಿನಿಂದ ಪಾಚಿ ಸುತ್ತಿ ತೆಗೆಯುತ್ತಿದ್ದಾಗ ಅಪ್ಪ ಕುರ್ಚಿಯಿಂದಲೇ ಹೇಳಿದರು: "ಮರಗಸಿ ಮಾಡುವಾಗ ಒಂದೇ ವರ್ಷ ಎಲ್ಲ ಕೊಂಬೆ ಕಡಿದು ತೋಟ ಬಯಲು ಮಾಡಿದರೆ ಏನಾಗುತ್ತದೆ? ಕಾಫಿ ಎಲೆ ಸುಡುತ್ತದೆ, ಬಿಳಿ ಕಾಂಡಕೊರಕ ಬರುತ್ತದೆ, ಕಳೆ ಎದೆಮಟ್ಟ ಏಳುತ್ತದೆ. ಗಿಡ ಬೆಳಕು ಬಳಸಿಕೊಳ್ಳಲು ಕಲಿಯುವ ಮೊದಲೇ ಕಳೆ ಅದನ್ನು ತಿಂದಿರುತ್ತದೆ. ನೀನು ನೆರಳು ಒಮ್ಮೆಲೇ ತೆಗೆದಿದ್ದೀಯ."

ಮರಗಸಿ ಎಂದರೆ ಕಾಫಿ ತೋಟದ ನೆರಳಿನ ಮರಗಳ ಕೊಂಬೆ ಸವರುವುದು. ಮೂವತ್ತು ವರ್ಷ ಹಾಲವಾಣ, ಸಿಲ್ವರ್ ಓಕ್ ಮರಗಳ ಕೆಳಗೆ ನಿಂತು ಯಾವ ಕೊಂಬೆ ಉಳಿಸಬೇಕು, ಯಾವುದು ತೆಗೆಯಬೇಕು ಎಂದು ಆಳುಗಳಿಗೆ ತೋರಿಸಿದವರ ಮಾತು. ಅಲ್ಲಿಂದ ಮುಂದೆ ಬೆಳಕನ್ನು ಮರಗಸಿಯಂತೆಯೇ ನಡೆಸಿದ್ದೇನೆ.

ಸೆಪ್ಟೆಂಬರ್ 8ರಿಂದ: ದೀಪವನ್ನು ಗಾಜಿನಿಂದ 8 ಇಂಚು ಮೇಲೆತ್ತಿದೆ, ಎರಡು ಮರದ ಕಾಲು ಕೊಟ್ಟು. ಒಂದೇ ಸಾಲು, ದಿನಕ್ಕೆ 5 ಗಂಟೆ. ಪಾಚಿ ಹೆಣೆದ ಜಾವಾ ಮಾಸ್‌ನಲ್ಲಿ ಮುಕ್ಕಾಲು ಭಾಗ ತೆಗೆದು ಎಸೆದೆ, ಬೇರೆ ದಾರಿಯಿರಲಿಲ್ಲ. ವಾರಕ್ಕೆ ಎರಡು ಸಲ ಕಾಲು ಭಾಗ ನೀರು ಬದಲಾವಣೆ. ಬೇಗ ಬೆಳೆಯುವ ಹಾರ್ನ್‌ವರ್ಟ್ ಗಿಡ ಒಂದು ಹಿಡಿ ತಂದು ತೇಲಿಬಿಟ್ಟೆ, ಪಾಚಿಗೆ ಹೋಗುವ ಪೋಷಕಾಂಶ ಅದಕ್ಕೆ ಹೋಗಲಿ ಎಂದು. ಮೂರನೇ ವಾರಕ್ಕೆ ಗಾಜು ಸ್ವಚ್ಛವಾಗಿ ಉಳಿಯತೊಡಗಿತು. ಆಮೇಲೆ ಮೊದಲ ಸಾಲಿಗೆ ವಾರಕ್ಕೆ ಅರ್ಧ ಗಂಟೆಯಂತೆ ಸೇರಿಸುತ್ತ ಹೋದೆ. ಎರಡನೇ ಸಾಲನ್ನು ಅಕ್ಟೋಬರ್ ಮೊದಲ ವಾರದಲ್ಲಿ ಒಂದು ಗಂಟೆಯಿಂದ ಆರಂಭಿಸಿದೆ.

ಇದೇ ತಿಂಗಳಲ್ಲಿ ಒಂದು ಟೆಟ್ರಾ ಹಿಂಬದಿಯ ಸಂದಿನಿಂದ ಹಾರಿ ನೆಲಕ್ಕೆ ಬಿದ್ದು ಸತ್ತಿತು. ಕತ್ತಲಲ್ಲಿ ದೀಪ ಫಕ್ಕನೆ ಹತ್ತಿದರೆ ಮೀನುಗಳು ಬೆದರಿ ನುಗ್ಗುತ್ತವೆ. ಸಂದಿಗೆ ಬಲೆ ಹಾಕಿದೆ. ಈಗ ದೀಪ ಹತ್ತುವುದು ನಡುಮನೆಯಲ್ಲಿ ಬೆಳಕಿರುವ ಹೊತ್ತಿನಲ್ಲಿ ಮಾತ್ರ.

ಅಕ್ಟೋಬರ್ 20: ಟೈಮರ್

ಸೆಪ್ಟೆಂಬರಿನಲ್ಲಿ ಮುಳ್ಳು ತಿರುಗುವ ಟೈಮರ್ ಎರಡು ಹಾಕಿದ್ದೆ, ತಲಾ 380. ಕಾಲು ಗಂಟೆಗೊಂದು ಹಲ್ಲು ಒತ್ತುವ ಬಗೆಯದು. ಕರೆಂಟ್ ಹೋದಾಗ ಅದರ ಗಡಿಯಾರವೂ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಹಿಂಗಾರು ಮಳೆಗೆ ದಿನಕ್ಕೆರಡು ಸಲ ಕರೆಂಟ್ ಹೋಗುತ್ತಿದ್ದ ವಾರ ಅದು. ಮಧ್ಯರಾತ್ರಿ ನೀರು ಕುಡಿಯಲು ಎದ್ದರೆ ತೊಟ್ಟಿ ಹಾಡಹಗಲಿನಂತೆ ಬೆಳಗುತ್ತಿದೆ. ಒಟ್ಟು ಆರು ಗಂಟೆ ಹಿಂದೆ ಬಿದ್ದಿತ್ತು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಂದೆ, ತಲಾ 560. ಮಲೆನಾಡಿನವರು ಮೊದಲೇ ಇದನ್ನೇ ಕೊಳ್ಳಿ.

ಡಿಸೆಂಬರ್ 12: ನಾನು ನಿರೀಕ್ಷಿಸಿರದ ತೊಂದರೆ

ಮೂರು ಟೆಟ್ರಾಗಳ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ. ಎಲ್‌ಇಡಿ ಬೆಳಕು ಮೀನಿಗೆ ಆಗುತ್ತಿಲ್ಲವೆಂದು ಮೊದಲು ಹೆದರಿ ಒಂದು ದಿನ ದೀಪವನ್ನೇ ಆರಿಸಿದೆ. ಬೆಳಗಿನ ಐದೂವರೆಗೆ ನೀರಿನ ಉಷ್ಣಾಂಶ ನೋಡಿದಾಗ ಕಾರಣ ಸಿಕ್ಕಿತು: 19.5 ಡಿಗ್ರಿ. ಹಿಂದಿನ ವರ್ಷದ ಇದೇ ದಿನಗಳಲ್ಲಿ 22ಕ್ಕಿಂತ ಕೆಳಗೆ ಇಳಿದಿರಲಿಲ್ಲ ಎಂದು ದಿನಚರಿಯಲ್ಲಿದೆ. ಮುಚ್ಚಳದೊಳಗಿನ ಟ್ಯೂಬ್, ಚೋಕ್‌ಗಳ ಬಿಸಿಯೇ ಇಷ್ಟು ವರ್ಷ ಚಳಿಗಾಲದಲ್ಲಿ ನೀರನ್ನು ಕಾಯ್ದಿತ್ತು. ಈಗ ದೀಪದ ಶಾಖವೆಲ್ಲ ಚಾನೆಲ್‌ನ ಬೆನ್ನಿನಿಂದ ಕೋಣೆಗೆ ಹೋಗುತ್ತದೆ, ನೀರಿಗಲ್ಲ.

100 ವ್ಯಾಟ್ ಹೀಟರ್ ತಂದೆ, 850 ರೂಪಾಯಿ. ದಿನಕ್ಕೆ ಒಂದೆರಡು ಡಿಗ್ರಿಯಂತೆ 29ಕ್ಕೆ ಏರಿಸಿ, ಏರ್ ಪಂಪ್ ಜೋರು ಮಾಡಿ ಹತ್ತು ದಿನ ಹಿಡಿದೆ. ಚುಕ್ಕೆ ಹೋಯಿತು. ಆದರೆ ಮೂರು ಟೆಟ್ರಾ ಸತ್ತವು. ನವೆಂಬರಿನಲ್ಲೇ ಥರ್ಮಾಮೀಟರ್ ನೋಡಿದ್ದರೆ ಅವು ಬದುಕುತ್ತಿದ್ದವು. ಈಗ ಹೀಟರ್ 25ರಲ್ಲಿದೆ.

ಫೆಬ್ರುವರಿ 9, 2025: ಲೆಕ್ಕ

ಈಗ ಮೊದಲ ಸಾಲು 7 ಗಂಟೆ, ಎರಡನೆಯದು ನಡುವಿನ 4 ಗಂಟೆ. ತಿಂಗಳಿಗೆ ನಾಲ್ಕೂಕಾಲು ಯೂನಿಟ್. ಮೊದಲಿನ 16ರ ಮುಂದೆ ದೊಡ್ಡ ಉಳಿತಾಯವೇ. ಆದರೆ ಡಿಸೆಂಬರಿನಲ್ಲಿ ಹೀಟರ್ ಒಂದೇ ದಿನಕ್ಕೆ 0.9 ಯೂನಿಟ್ ತಿಂದಿದೆ. ಚಳಿಗಾಲದ ಎರಡು ತಿಂಗಳು ಮೊದಲಿಗಿಂತ ಹೆಚ್ಚೇ ಖರ್ಚು.

ಈಗ ಬಳಕೆಯಲ್ಲಿರುವ ಸಾಮಾನು: ಎಲ್‌ಇಡಿ 400, ಡ್ರೈವರ್ 420, ಚಾನೆಲ್ 416, ಗಾಜು 330, ಥರ್ಮಲ್ ಪೇಸ್ಟ್ 150, ಸ್ಕ್ರೂ, ವಾಷರ್, ವಯರ್, ವಾರ್ನಿಷ್ ಎಲ್ಲ ಸೇರಿ 280. ದೀಪಕ್ಕೆ ಒಟ್ಟು 1,996. ಆರ್‌ಸಿಸಿಬಿ 1,650 ಮತ್ತು ಡಿಜಿಟಲ್ ಟೈಮರ್ 1,120 ಸೇರಿದರೆ 4,766. ಹೀಟರ್ 850.

ಹಾಳಾದದ್ದು: ಎಲ್‌ಇಡಿ ಪಟ್ಟಿ 480, ಅಡಾಪ್ಟರ್ 420, ಅಕ್ರಿಲಿಕ್ 450, ತೆಳು ಅಲ್ಯೂಮಿನಿಯಂ 160, ಟೇಪ್ 120, ಮೊದಲ ಡ್ರೈವರುಗಳು 180, ಸುಟ್ಟ ಎಲ್‌ಇಡಿ 70, ಮುಳ್ಳಿನ ಟೈಮರ್ 760. ಒಟ್ಟು 2,640. ಎಲ್ಲ ಕೂಡಿದರೆ 8,256 ರೂಪಾಯಿ. 4,200ರ ಸಿದ್ಧ ದೀಪ ತಂದಿದ್ದರೂ ಆರ್‌ಸಿಸಿಬಿ, ಟೈಮರ್, ಹೀಟರ್ ಬೇಕೇ ಬೇಕಿತ್ತು, ಅದು 7,820 ಆಗುತ್ತಿತ್ತು. ಹಣ ಉಳಿಯಲಿಲ್ಲ. ಆದರೆ ಒಂದು ಎಲ್‌ಇಡಿ ಕೆಟ್ಟರೆ 14 ರೂಪಾಯಿಯಲ್ಲಿ ನಾನೇ ಬದಲಾಯಿಸುತ್ತೇನೆ, ಅದು ನನಗೆ ಬೇಕಿತ್ತು.

ಗಾಜಿನ ಮುಚ್ಚಳದ ಕೆಳಗೆ ಸುಣ್ಣದ ಕಲೆ ಕೂತು ಬೆಳಕು ತಡೆಯುತ್ತದೆ. ಪ್ರತಿ ಭಾನುವಾರ ನಿಂಬೆಹೋಳಿನಿಂದ ಉಜ್ಜಿ ತೊಳೆಯುತ್ತೇನೆ. ಮಧ್ಯಾಹ್ನದ ಹೊತ್ತು ಎರಡೂ ಸಾಲು ಹತ್ತಿ ಎರಡು ಗಂಟೆ ಕಳೆದರೆ ಸ್ವೋರ್ಡ್ ಎಲೆಯ ಅಡಿಯಲ್ಲಿ ಉಸಿರಿನ ಗುಳ್ಳೆಗಳು ಸಾಲುಗಟ್ಟಿ, ಒಂದೊಂದೇ ಕಳಚಿ ಮೇಲೇರುತ್ತವೆ. ಕಳೆದ ವಾರ ಅಪ್ಪ ತೋರಿಸಿದರು: ವ್ಯಾಲಿಸ್ನೇರಿಯಾದ ಬುಡದಿಂದ ದಾರದಂತಹ ಸುರುಳಿ ದಂಟೊಂದು ಎದ್ದು ನೀರಿನ ಮೇಲ್ಮೈಗೆ ಬಂದಿದೆ, ತುದಿಯಲ್ಲಿ ಜೀರಿಗೆಯಷ್ಟು ಬಿಳಿ ಹೂವು. ನಾಲ್ಕು ವರ್ಷದಲ್ಲಿ ಮೊದಲ ಸಲ.

ಎರಡನೇ ಸಾಲಿನ 11ನೇ ಎಲ್‌ಇಡಿ ಬೆಳಗಿನ ಚಳಿಗೆ ಮಿಣುಕುತ್ತದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ. ಬೆಸುಗೆ ಬಿಟ್ಟಿರಬೇಕು. ಮುಂದಿನ ಭಾನುವಾರ ಚಾನೆಲ್ ಇಳಿಸಿ, ವಾರ್ನಿಷ್ ಕೆರೆದು ನೋಡಬೇಕು. 60 ವ್ಯಾಟ್ ಐರನ್ ಕೇಳಿ ಭಾವನಿಗೆ ಫೋನ್ ಮಾಡಿದ್ದೇನೆ.